ಟ್ಯಾಲಿ ಇದ್ದರೆ ಸಾಲದು, ತಾಳೆ ಹಾಕಬೇಕು

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ನಾವು ಶೇಂಗಾ ನಂಬಿದವರು. ಮಳೆ ಬಂದರೆ ಕಾಯಿ, ಬಾರದಿದ್ದರೆ ಬರೀ ಹೊಟ್ಟು. ಮಂಡಿಯ ಲೆಕ್ಕ, ಬಿಳಿ ಚೀಟಿಯ ಲೆಕ್ಕ ನಮಗೇನೂ ಹೊಸದಲ್ಲ. ಆದರೆ ಅವೆಲ್ಲ ಬೇರೆಯವರು ಬರೆದ ಲೆಕ್ಕ. ರೈತರೇ ಸೇರಿ ಉತ್ಪಾದಕರ ಕಂಪನಿ ಕಟ್ಟಿಕೊಂಡ ಮೇಲೆ ಬರೆಯುವ ಕೆಲಸ ನಮ್ಮ ತಲೆಗೇ ಬಂತು.

2002ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ಆಗಿ ಇಂಥ ಕಂಪನಿಗಳಿಗೆ ದಾರಿಯಾಯಿತು. ಕೇಂದ್ರ ಸರಕಾರ 2020ರಲ್ಲಿ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ತಂದ ಮೇಲೆ ಊರೂರಿಗೂ ಬಂದವು. ಕಂಪನಿ ಅಂದಮೇಲೆ ಆಡಿಟ್ ತಪ್ಪಿದ್ದಲ್ಲ. ಹಾಗಾಗಿ ಹೆಚ್ಚಿನವರು ಕಂಪ್ಯೂಟರಿನಲ್ಲಿ ಟ್ಯಾಲಿ ಹಾಕಿಸಿಕೊಳ್ಳುತ್ತಾರೆ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದೇ, 1986ರಲ್ಲಿ ಶುರುವಾದದ್ದು.

ನಾನು ಓದಿದ್ದು ಏಳನೇ ಕ್ಲಾಸು. ನಮ್ಮ ಕಂಪನಿಯಲ್ಲಿ ಚೆಕ್ಕಿಗೆ ಸಹಿ ಹಾಕುವ ಇಬ್ಬರಲ್ಲಿ ನಾನೊಬ್ಬ. ಕೀಲಿಮಣೆ ಒತ್ತಲು ನನಗೆ ಬರಲ್ಲ. ಆದರೆ ತೆರೆಯ ಕೆಳಗಡೆ ಬರುವ ಮೂರು ಸಾಲು ಓದಲು ಕಲಿತಿದ್ದೇನೆ. ಸಹಿ ಹಾಕುವ ಪ್ರತಿ ರೈತನೂ ಆ ಮೂರು ಸಾಲು ಕಲಿಯಬೇಕು ಅನ್ನೋದೇ ಈ ಬರಹದ ಉದ್ದೇಶ.

ಪಾಸ್‌ಬುಕ್ಕಿನ ದುಡ್ಡು ಯಾರದು?

ಕಾರ್ತಿಕದ ಹೊತ್ತಿಗೆ ನಮ್ಮಲ್ಲಿ ಕಾಯಿ ಖರೀದಿ ಜೋರು. ಹಾಗೆ ಒಂದು ದಿನ ಸಭೆ ನಡೆದಿತ್ತು. ನಿರ್ದೇಶಕರೊಬ್ಬರು ಮೊಬೈಲಿನಲ್ಲಿ ಬ್ಯಾಂಕ್ ಖಾತೆ ತೆಗೆದು ತೋರಿಸಿದರು. 7,40,000 ರೂಪಾಯಿ ಇತ್ತು.

"ದುಡ್ಡು ಐತಲ್ಲಪ್ಪ, ಬಿತ್ತನೆ ಬೀಜಕ್ಕೆ ಐದು ಲಕ್ಷ ಮುಂಗಡ ಕೊಟ್ಟುಬಿಡಾನ. ಈಗಾದ್ರೆ ರೇಟು ಕಡಿಮೆ" ಅಂದರು.

ಲೆಕ್ಕ ಬರೆಯುವ ಹುಡುಗಿ ಮೆಲ್ಲಗೆ, "ದೊಡ್ಡಪ್ಪಾರೆ, ಅದರಾಗೆ ನಮ್ಮ ದುಡ್ಡು ಅಷ್ಟಿಲ್ಲ" ಅಂದಳು. ಹದಿನಾಲ್ಕು ಜನ ರೈತರಿಗೆ ಕೊಟ್ಟ ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗಿರಲಿಲ್ಲ. ಮೊತ್ತ 5,10,000. ಅಲ್ಲಿಗೆ ನಿಜವಾಗಿ ನಮಗೆ ಉಳಿದದ್ದು 2,30,000 ಮಾತ್ರ.

ಅವರು ಚೆಕ್ಕು ಯಾಕೆ ಹಾಕಿರಲಿಲ್ಲ? ಒಬ್ಬರು ಸಂತೆ ದಿನ ಪೇಟೆಗೆ ಹೋದಾಗ ಹಾಕೋಣ ಅಂತಿದ್ದರು. ಇನ್ನು ಕೆಲವರಿಗೆ ಖಾತೆಗೆ ಬಿದ್ದ ದುಡ್ಡು ಹಳೆ ಸಾಲಕ್ಕೆ ಮುರಿದುಕೊಂಡರೆ ಅನ್ನೋ ಭಯ. ಕಾರಣ ಏನೇ ಇರಲಿ, ಆ ದುಡ್ಡು ಅವರದು. ಅವತ್ತು ಮುಂಗಡ ಕೊಟ್ಟಿದ್ದರೆ ಖಾತೆಯಲ್ಲಿ 2,40,000 ಉಳಿಯುತ್ತಿತ್ತು. ಹದಿನಾಲ್ಕರಲ್ಲಿ ಅರ್ಧ ಚೆಕ್ಕು ವಾಪಸು ಬರುತ್ತಿದ್ದವು. ಚೆಕ್ ಬೌನ್ಸ್ ಆದರೆ ಕಾನೂನಿನಲ್ಲಿ ಎರಡು ವರ್ಷದವರೆಗೆ ಜೈಲು ಉಂಟು. ಅದಕ್ಕಿಂತ ದೊಡ್ಡದು, ಮುಂದಿನ ವರ್ಷ ಯಾರೂ ನಮ್ಮ ತಕ್ಕಡಿಗೆ ಕಾಯಿ ತರುತ್ತಿರಲಿಲ್ಲ.

ಜಮಾ ಖರ್ಚು ತಿರುವುಮುರುವು

ಮೊದಲಿಗೆ ಎಲ್ಲರಿಗೂ ಗೊಂದಲವಾಗುವ ವಿಷಯ ಒಂದಿದೆ. ಬ್ಯಾಂಕಿನಲ್ಲಿ ದುಡ್ಡು ಕಟ್ಟಿದರೆ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಅಂತ ಬರುತ್ತದೆ. ಅದೇ ದುಡ್ಡು ನಮ್ಮ ಟ್ಯಾಲಿಯಲ್ಲಿ ಡೆಬಿಟ್ ಕಡೆ ಇರುತ್ತದೆ. ಯಾರದು ಸರಿ? ಇಬ್ಬರದೂ ಸರಿ. ಪಾಸ್‌ಬುಕ್ಕು ಬ್ಯಾಂಕಿನವರು ಬರೆದ ಲೆಕ್ಕ. ನಮ್ಮ ದುಡ್ಡು ಅವರಿಗೆ ಕೊಡಬೇಕಾದ ಬಾಕಿ, ನಮಗೆ ಬರಬೇಕಾದ ಆಸ್ತಿ. ಇಷ್ಟು ತಿಳಿದರೆ ಉಳಿದದ್ದು ಸುಲಭ.

ತಾಳೆ ಹಾಕುವ ರೀತಿ

ಟ್ಯಾಲಿ ಅನ್ನೋ ಹೆಸರಿದ್ದ ಮಾತ್ರಕ್ಕೆ ಅದು ತಾನಾಗಿ ತಾಳೆಯಾಗಲ್ಲ. ನಾವು ಬರೆದದ್ದನ್ನು ಅದು ಕೂಡಿ ಕಳೆದು ತೋರಿಸುತ್ತದೆ, ಅಷ್ಟೇ. ಬ್ಯಾಂಕಿನ ಸ್ಟೇಟ್‌ಮೆಂಟ್ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಬಾಬ್ತು ನೋಡಬೇಕು. ನಮ್ಮ ಪ್ರತಿ ಬಾಬ್ತಿನ ಮುಂದೆ 'ಬ್ಯಾಂಕ್ ತಾರೀಕು' ಹಾಕುವ ಜಾಗ ಇರುತ್ತದೆ. ಬ್ಯಾಂಕಿನಲ್ಲಿ ದುಡ್ಡು ಯಾವತ್ತು ಹೋಯಿತೋ, ಬಂತೋ ಆ ತಾರೀಕು ಅಲ್ಲಿ ತುಂಬಬೇಕು. ಖಾಲಿ ಉಳಿದವು ಇನ್ನೂ ಬ್ಯಾಂಕಿಗೆ ಮುಟ್ಟದವು.

ಕೊನೆಯಲ್ಲಿ ಮೂರು ಸಾಲು ಬರುತ್ತವೆ. ಒಂದು, ನಮ್ಮ ಪುಸ್ತಕದ ಶಿಲ್ಕು. ಎರಡು, ಬ್ಯಾಂಕಿಗೆ ಇನ್ನೂ ಮುಟ್ಟದ ಮೊತ್ತ. ಮೂರು, ಬ್ಯಾಂಕಿನ ಶಿಲ್ಕು. ಮೂರನೆಯದು ಪಾಸ್‌ಬುಕ್ಕಿನ ಕೊನೆಯ ಅಂಕಿಗೆ ಪೈಸೆ ಸಹಿತ ಸರಿಹೊಂದಬೇಕು.

ಅವತ್ತು ನಮಗೆ ಒಂದೇ ಸಲಕ್ಕೆ ಹೊಂದಲಿಲ್ಲ. ಪುಸ್ತಕದಲ್ಲಿ 2,19,180 ಇತ್ತು. ಹುಡುಕಿದರೆ ಎರಡು ಬಾಬ್ತು ಸಿಕ್ಕವು. ಬ್ಯಾಂಕಿನವರು ಸೇವಾ ಶುಲ್ಕ ಅಂತ 1,180 ಹಿಡಿದಿದ್ದರು. ಸದಸ್ಯರೊಬ್ಬರು ಷೇರು ಬಾಬ್ತು 12,000 ನೇರ ಖಾತೆಗೆ ಹಾಕಿ ಹೇಳದೇ ಹೋಗಿದ್ದರು. ಎರಡನ್ನೂ ಬರೆದಾಗ ಶಿಲ್ಕು 2,30,000ಕ್ಕೆ ಬಂದು ನಿಂತಿತು. ವ್ಯತ್ಯಾಸ ಸಣ್ಣದು ಅಂತ ಬಿಡಬಾರದು. ಸಣ್ಣ ವ್ಯತ್ಯಾಸದೊಳಗೆ ಎರಡು ದೊಡ್ಡ ಬಾಬ್ತು ಅಡಗಿರಬಹುದು.

ಹೋದ ದುಡ್ಡು ವಾಪಸು ಬಂದಾಗ

ಚೆಕ್ಕಿಗಿಂತ ಈಗ ಆನ್‌ಲೈನಿನಲ್ಲಿ ಕಳಿಸುವುದು ಹೆಚ್ಚು. ಅದರಲ್ಲೂ ತೊಡಕಿದೆ. ನಮ್ಮ ಸದಸ್ಯರ ಪೆಟ್ಟಿಗೆಯಲ್ಲಿರುವ ಪಾಸ್‌ಬುಕ್ಕು ಹಳೆಯವು. ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿ ಆಯಿತು, 2013ರಲ್ಲಿ ಪ್ರಗತಿ ಕೃಷ್ಣ ಆಯಿತು, 2019ರಲ್ಲಿ ಕಾವೇರಿ ಜೊತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ ತಿಂಗಳಲ್ಲಿ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ ಸೇರಿತು. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿಗೆ ಹೋಯಿತು, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ ಹೋಯಿತು. ಬ್ಯಾಂಕ್ ಬದಲಾದಾಗ ಐಎಫ್‌ಎಸ್‌ಸಿ ಸಂಖ್ಯೆಯೂ ಬದಲಾಗುತ್ತದೆ. ಹಳೆ ಸಂಖ್ಯೆಗೆ ಕಳಿಸಿದರೆ ದುಡ್ಡು ಮುಟ್ಟದೆ ವಾಪಸು ಬರುತ್ತದೆ.

ಮೊಳಕಾಲ್ಮುರು ಕಡೆಯ ಒಬ್ಬ ಅಜ್ಜಿಗೆ ಹೀಗೇ ಆಯಿತು. 18,600 ಕಳಿಸಿದ್ದು ಎರಡು ದಿನಕ್ಕೆ ನಮ್ಮ ಖಾತೆಗೇ ಮರಳಿತ್ತು. ಟ್ಯಾಲಿಯಲ್ಲಿ 'ಕೊಟ್ಟಾಯಿತು' ಅಂತ ಇದೆ. ಅಜ್ಜಿ ಬಂದು ಕೇಳಿದರೆ ಯಾರಾದರೂ ಪುಸ್ತಕ ನೋಡಿ, "ಕಳಿಸೀವಿ ಕಣಜ್ಜಿ, ಬ್ಯಾಂಕಿನಾಗೆ ಕೇಳು" ಅಂತಾನೇ ಹೇಳುತ್ತಿದ್ದರು. ವಾರದ ತಾಳೆಯಲ್ಲಿ ಸಿಕ್ಕಿತು. ವಾಪಸು ಬಂದದ್ದನ್ನು ಅಜ್ಜಿಯ ಹೆಸರಿಗೇ ಜಮಾ ಬರೆದು, ಹೊಸ ಸಂಖ್ಯೆ ತರಿಸಿ ಮತ್ತೆ ಕಳಿಸಿದೆವು. ಇಂಥ ದುಡ್ಡನ್ನು 'ಇತರೆ ಆದಾಯ' ಅಂತ ಬರೆದುಬಿಟ್ಟರೆ ಬಡವರ ಗಂಟು ಕಂಪನಿ ಲಾಭವಾಗಿ ಕಾಣುತ್ತದೆ.

ನಾವು ಇಟ್ಟುಕೊಂಡಿರುವ ಕ್ರಮ

ಬ್ಯಾಂಕಿನ ಒಂದೊಂದು ಖಾತೆಗೆ ಟ್ಯಾಲಿಯಲ್ಲಿ ಒಂದೊಂದು ಲೆಡ್ಜರ್. ಹೆಸರಿನ ಜೊತೆ ಖಾತೆಯ ಕೊನೆಯ ನಾಲ್ಕು ಅಂಕಿ. ವ್ಯಾಪಾರದ್ದು, ಅನುದಾನದ್ದು, ಸಾಲದ್ದು ಬೇರೆ ಬೇರೆ.

ನಮ್ಮ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾಕಿದರೆ ಅದು ಆದಾಯವೂ ಅಲ್ಲ, ಖರ್ಚೂ ಅಲ್ಲ. ಅದಕ್ಕೆ ಟ್ಯಾಲಿಯಲ್ಲಿ 'ಕಾಂಟ್ರಾ' ಅಂತ ಬೇರೆ ವೋಚರ್ ಇದೆ.

ಖರೀದಿ ಕಾಲದಲ್ಲಿ ವಾರಕ್ಕೊಮ್ಮೆ ತಾಳೆ, ಉಳಿದಂತೆ ತಿಂಗಳಿಗೊಮ್ಮೆ. ಬರೆಯುವವರು ಒಬ್ಬರು, ಸ್ಟೇಟ್‌ಮೆಂಟ್ ಹಿಡಿದು ಓದುವವರು ಇನ್ನೊಬ್ಬರು.

ಚೆಕ್ಕಿನ ಆಯುಷ್ಯ ಮೂರೇ ತಿಂಗಳು. ಎರಡು ತಿಂಗಳಾದರೂ ಹಾಕದವರಿಗೆ ಫೋನು ಮಾಡುತ್ತೇವೆ. ಅವಧಿ ಮುಗಿದರೆ ರದ್ದು ಮಾಡಿ ಬೇರೆ ಕೊಡುತ್ತೇವೆ. ಬಾಕಿ ಮಾತ್ರ ಅವರ ಹೆಸರಲ್ಲೇ ಇರುತ್ತದೆ.

ತಪ್ಪು ಬಿದ್ದರೆ ಹಳೆಯದನ್ನು ಅಳಿಸಲ್ಲ, ತಿದ್ದುಪಡಿಗೆ ಬೇರೆ ವೋಚರ್ ಹಾಕುತ್ತೇವೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವಾಗ ಏನು ತಿದ್ದಿದರು ಅನ್ನೋ ಜಾಡು ಉಳಿಯಲೇಬೇಕು, ಅದನ್ನು ನಿಲ್ಲಿಸುವಂತಿಲ್ಲ ಎಂದು ನಿಯಮವಿದೆ. ಕೆಲವರಿಗೆ ಇದು ಕಿರಿಕಿರಿ. ನನಗೆ ಒಳ್ಳೆಯದೇ ಅನಿಸಿದೆ. ಕಿರ್ದಿ ಪುಸ್ತಕದಲ್ಲಿ ಹಾಳೆ ಹರಿದರೆ ಗೊತ್ತಾಗುತ್ತಿತ್ತು, ಇಲ್ಲಿಯೂ ಗೊತ್ತಾಗಲಿ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯವರ 'ಮಾಡಿದಷ್ಟು ನೀಡು ಭಿಕ್ಷೆ' ಅನ್ನೋ ಮಾತು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ತಂದಷ್ಟು ಕಾಯಿಗೆ ತಕ್ಕ ದುಡ್ಡು ಕೈಗೆ ಮುಟ್ಟಿತೋ ಇಲ್ಲವೋ ಅಂತ ಸದಸ್ಯರಿಗೆ ತಿಳಿಯಬೇಕು. ಅದಕ್ಕೇ ತಿಂಗಳ ಸಭೆಯಲ್ಲಿ ಆ ಮೂರು ಸಾಲನ್ನು ನಾವು ಗಟ್ಟಿಯಾಗಿ ಓದುತ್ತೇವೆ, ಬಾಕಿ ಇದ್ದವರ ಹೆಸರೂ ಓದುತ್ತೇವೆ. ಹತ್ತು ನಿಮಿಷ ಸಾಕು. ನಿಮ್ಮ ಸಂಘ, ಕಂಪನಿಯಲ್ಲಿ ಚೆಕ್ಕಿಗೆ ಸಹಿ ಹಾಕುವ ಮುನ್ನ ಒಂದು ಸಲ ಕೇಳಿ: "ತಾಳೆ ಆಗಿದೆಯಾ?"