ಕುಪ್ಪಳಿಯ ಮನೆ, ತುಮರಿಯ ಮಕ್ಕಳು

ತೀರ್ಥಹಳ್ಳಿಯಿಂದ ಕೊಪ್ಪದ ರಸ್ತೆಯಲ್ಲಿ ಹೊರಟು ಗಡಿಕಲ್ಲಿನ ಬಳಿ ತಿರುಗಿದರೆ ಕುಪ್ಪಳಿ. ತುಮರಿಯ ನಮಗೆ ಇದು ದೂರದ ಊರೇ ಆಗಿತ್ತು. ಲಾಂಚಿನ ವೇಳೆಗೆ ಹೊರಟು ಲಾಂಚಿನ ವೇಳೆಗೆ ಮರಳಬೇಕಾದವರು ಎಲ್ಲಿಗೆ ತಾನೇ ನಿಶ್ಚಿಂತೆಯಿಂದ ಹೋದಾರು? 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಆ ಬಳಿಕ ಮಕ್ಕಳನ್ನು ಕರೆದುಕೊಂಡು ಹೊರಟ ನಮ್ಮ ಮೊದಲ ಪ್ರವಾಸ ಇದು.

ಕುವೆಂಪು ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಬೆಳೆದದ್ದು ಕುಪ್ಪಳಿಯ ಈ ಮೂರಂತಸ್ತಿನ ತೊಟ್ಟಿಮನೆಯಲ್ಲಿ. 1992ರಲ್ಲಿ ಆರಂಭವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಇದನ್ನು ದುರಸ್ತಿ ಮಾಡಿಸಿ ವಸ್ತುಸಂಗ್ರಹಾಲಯವಾಗಿ ಕಾಪಾಡಿದೆ. ಇಳಿಜಾರಿನ ಹೆಂಚಿನ ಮಾಡು ಮಲೆನಾಡಿನ ಮಳೆಯನ್ನು ನಿಲ್ಲಗೊಡದೆ ಇಳಿಸುತ್ತದೆ. ನಡುವಣ ಅಂಗಳ ಸುತ್ತಲ ಜಗಲಿಗಳಿಗೆ ಬೆಳಕು, ಗಾಳಿ ಕೊಡುತ್ತದೆ. ಪುಸ್ತಕದಲ್ಲಿ ಒಂದು ಗಂಟೆ ವಿವರಿಸಬೇಕಾದ್ದನ್ನು ಮಕ್ಕಳು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿ ತಿಳಿದುಕೊಂಡರು.

ಮನೆಯ ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ. ಕಲಾವಿದ ಕೆ.ಟಿ. ಶಿವಪ್ರಸಾದ್ ವಿನ್ಯಾಸದ ಭಾರಿ ಕಲ್ಲುಗಳ ನಡುವೆ, 1994ರ ನವೆಂಬರ್ 11ರಂದು ತೀರಿಕೊಂಡ ಕವಿಯ ಸಮಾಧಿಯಿದೆ. ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯನವರ ಹೆಸರಿನ ಕೆತ್ತನೆಗಳಿವೆ. ಸಂಜೆಯ ಹೊತ್ತಿಗೆ ಹೋದರೆ ಸಾಲುಗುಡ್ಡಗಳ ಹಿಂದೆ ಸೂರ್ಯ ಇಳಿಯುವುದನ್ನು ಕಾಣಬಹುದು. ಮಳೆಗಾಲದಲ್ಲಿ ಹೋಗುವವರು ಇಂಬಳಕ್ಕೆ ಉಪ್ಪು ಕಟ್ಟಿಕೊಂಡಿರಲಿ.

ಮನೆ ಉಳಿದಿದೆ; ಜೊತೆಗೆ ಮನೆಯಿಂದ ಗುಡ್ಡಕ್ಕೆ ನಡೆದ ದಾರಿಯೂ ಉಳಿದಿದೆ. ಕುಪ್ಪಳಿಯ ಭಾಗ್ಯ ಅದು.

ಇಳಿಯುವಾಗ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ಮುಳುಗಿದ ನಮ್ಮ ಮನೇನೂ ಹೀಗೇ ಇತ್ತಾ?’

ನನ್ನಲ್ಲಿ ಉತ್ತರವಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಮ್ಮ ಸೀಮೆಯ ಮನೆ, ತೋಟ, ಗದ್ದೆಗಳನ್ನು ನುಂಗಿದಾಗ ನಾನಿನ್ನೂ ಹುಟ್ಟಿರಲಿಲ್ಲ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟು ಮೇಲೇಳುತ್ತದೆ, ಹಳೆಯ ರಸ್ತೆ ಕಾಣುತ್ತದೆ. ನಡೆದು ಹೋಗಬಹುದು. ದಾರಿಯಿದೆ, ತಲುಪಲು ಮನೆಯಿಲ್ಲ.

ಆ ಮನೆಗಳನ್ನು ಕಂಡು ನೆನಪಿಟ್ಟವರು ಈಗ ಎಪ್ಪತ್ತರ ಆಚೆಗಿದ್ದಾರೆ. ಅದಕ್ಕೇ ಮಕ್ಕಳಿಗೆ ಮನೆಗೆಲಸ ಕೊಟ್ಟೆ: ಅಜ್ಜ-ಅಜ್ಜಿಯರನ್ನು ಕೇಳಿ ಮುಳುಗಿದ ಮನೆಯ ನಕ್ಷೆ ಬರೆದು ತನ್ನಿ.

ಹಾಳೆಗಳು ಬಂದವು. ಕೊಟ್ಟಿಗೆ ಎಲ್ಲಿತ್ತು, ಬಾವಿ ಯಾವ ದಿಕ್ಕಿಗಿತ್ತು, ಎಲ್ಲ ಬರೆದಿದ್ದರು. ಆ ಹುಡುಗಿಯ ಹಾಳೆಯಲ್ಲಿ ಮನೆ ಮೂಲೆಯಲ್ಲೊಂದು ಪುಟ್ಟ ಚೌಕ. ಉಳಿದದ್ದೆಲ್ಲ ಮನೆಯಿಂದ ಹೊಳೆಗೆ ಇಳಿಯುವ ಕಾಲುದಾರಿ, ಅದರ ಬದಿಯ ಒಂದೊಂದು ಮರದ ಹೆಸರೊಂದಿಗೆ. ‘ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳಿದ್ರು ಸಾರ್’ ಎಂದಳು.