ಹೊಸ ಆಲೋಚನೆಗೆ ಮೊದಲ ತಾಯಿ ಆರೋಗ್ಯ

ಪರೀಕ್ಷೆಗಳು ಸಮೀಪಿಸಿದಾಗ ವೈದ್ಯರ ಬಳಿಗೆ ಬರುವ ತಂದೆತಾಯಿಗಳು ಸಾಮಾನ್ಯವಾಗಿ ಕೇಳುವುದು ಒಂದನ್ನೇ: ಮಗುವಿನ ಬುದ್ಧಿ ಚುರುಕಾಗುವಂಥ ಒಂದು ಟಾನಿಕ್ಕು. ವರ್ಷದ ಉಳಿದ ದಿನಗಳಲ್ಲಿ ಇದೇ ಬೇಡಿಕೆ ಬೇರೆ ಮಾತುಗಳಲ್ಲಿ ಬರುತ್ತದೆ. ಹಲವು ವರ್ಷ ಪಾಠ ಹೇಳಿದ ಶಿಕ್ಷಕರು ಹೊಸ ರೀತಿಯಲ್ಲಿ ಕಲಿಸಲು ಏನೂ ತೋಚುತ್ತಿಲ್ಲವೆನ್ನುತ್ತಾರೆ. ಅಂಗಡಿ ನಡೆಸುವವರು ವ್ಯಾಪಾರ ಕುಗ್ಗಿದಾಗ ಮುಂದಿನ ದಾರಿ ಕಾಣದೆ ಕೊರಗುತ್ತಾರೆ. ಬರೆಯುವ ಹವ್ಯಾಸವುಳ್ಳವರು ಲೇಖನಿ ಹಿಡಿದರೆ ಮನಸ್ಸು ಬರಿದಾಗಿ ಕುಳಿತುಬಿಡುತ್ತದೆ ಎನ್ನುತ್ತಾರೆ. ನಾಡಿ ನೋಡಿ ದಿನಚರಿ ವಿಚಾರಿಸಿದರೆ ಬಹುಮಂದಿಯಲ್ಲಿ ಕಾಣುವುದು ಬುದ್ಧಿಯ ಕೊರತೆಯಲ್ಲ. ನಿದ್ರೆಯ ಕೊರತೆ, ಹೊತ್ತು ಮೀರಿದ ಊಟ, ನಡಿಗೆಯನ್ನೇ ಮರೆತ ದೇಹ, ಬಿಡುವನ್ನೇ ಅರಿಯದ ಮನಸ್ಸು.

ಹೊಸದನ್ನು ಆಲೋಚಿಸುವ ಶಕ್ತಿ ಕೆಲವರಿಗೆ ಮಾತ್ರ ಹುಟ್ಟಿನಿಂದ ಬಂದ ವರವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಪ್ರತಿಭೆಯಲ್ಲಿ ಹೆಚ್ಚು ಕಡಿಮೆ ಇರುವುದು ನಿಜ. ಆದರೆ ಇದ್ದ ಪ್ರತಿಭೆ ಕೆಲಸಕ್ಕೆ ಬರಬೇಕಾದರೆ ಅದಕ್ಕೆ ದೇಹದ ಆಧಾರ ಬೇಕು, ದಿನದ ಕ್ರಮ ಬೇಕು. ಈ ಸಂಗತಿಯನ್ನು ಬಹಳ ಸ್ಪಷ್ಟವಾಗಿ ಹೇಳಿದವನು ವೈದ್ಯನಲ್ಲ, ಒಬ್ಬ ಕವಿ.

ಎಂಟು ಮಂದಿ ತಾಯಂದಿರು

ಕ್ರಿ.ಶ. 900ರ ಆಸುಪಾಸಿನಲ್ಲಿ ಕನೌಜದ ಪ್ರತೀಹಾರ ದೊರೆಗಳ ಆಸ್ಥಾನದಲ್ಲಿದ್ದ ರಾಜಶೇಖರನು ‘ಕಾವ್ಯಮೀಮಾಂಸೆ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ್ದಾನೆ. ಅದರಲ್ಲಿ ಕವಿತ್ವಕ್ಕೆ ಎಂಟು ತಾಯಂದಿರಿದ್ದಾರೆಂದು ಹೇಳುತ್ತಾನೆ. ಆರೋಗ್ಯ, ಪ್ರತಿಭೆ, ಅಭ್ಯಾಸ, ಭಕ್ತಿ, ಬಲ್ಲವರೊಡನೆ ಮಾತುಕತೆ, ಹಲವು ವಿಷಯಗಳನ್ನು ಕೇಳಿ ತಿಳಿದಿರುವಿಕೆ, ಗಟ್ಟಿಯಾದ ನೆನಪು ಮತ್ತು ಎದೆಗುಂದದಿರುವಿಕೆ. ಈ ಪಟ್ಟಿಯಲ್ಲಿ ಪ್ರತಿಭೆಗಿಂತ ಮೊದಲು ನಿಂತಿರುವುದು ಆರೋಗ್ಯ ಎಂಬುದನ್ನು ಗಮನಿಸಬೇಕು.

ಅದೇ ಗ್ರಂಥದಲ್ಲಿ ಕವಿಯ ದಿನಚರಿಯೂ ಇದೆ. ಹಗಲು ರಾತ್ರಿಗಳನ್ನು ತಲಾ ಮೂರು ತಾಸಿನ ನಾಲ್ಕು ಪ್ರಹರಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದು ಕೆಲಸ ಹಚ್ಚಿದ್ದಾನೆ. ಬೆಳಗಿನ ಮೊದಲ ಪ್ರಹರದಲ್ಲಿ ಅಧ್ಯಯನ, ಎರಡನೆಯದರಲ್ಲಿ ರಚನೆ. ನಡುಹಗಲಿಗೆ ಸ್ನಾನ, ಭೋಜನ. ಮೂರನೆಯ ಪ್ರಹರದಲ್ಲಿ ಕಾವ್ಯದ ಬಗೆಗೆ ಗೋಷ್ಠಿ. ನಾಲ್ಕನೆಯದರಲ್ಲಿ, ಬೆಳಿಗ್ಗೆ ಬರೆದುದನ್ನು ಒಬ್ಬನೇ ಅಥವಾ ಕೆಲವೇ ಆಪ್ತರೊಡನೆ ಕುಳಿತು ತಿದ್ದುವುದು. ರಚಿಸುವ ಆವೇಶದಲ್ಲಿ ಗುಣದೋಷ ಕಾಣದು, ಆದುದರಿಂದ ತಿದ್ದುವುದಕ್ಕೆ ಬೇರೆ ಹೊತ್ತು ಬೇಕೆಂಬುದು ಅವನ ಅಭಿಪ್ರಾಯ. ರಾತ್ರಿಯ ಎರಡು ಮತ್ತು ಮೂರನೆಯ ಪ್ರಹರಗಳು ಸಂಪೂರ್ಣವಾಗಿ ನಿದ್ರೆಗೆ ಮೀಸಲು. ಕೊನೆಯ ಪ್ರಹರದಲ್ಲಿ ಪ್ರಯತ್ನಪೂರ್ವಕವಾಗಿ ಎದ್ದರೆ, ತಿಳಿಯಾದ ಮನಸ್ಸಿಗೆ ಅರ್ಥಗಳು ತಾವಾಗಿ ಗೋಚರಿಸುತ್ತವೆಂದು ಅವನು ಹೇಳುತ್ತಾನೆ.

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ಮಾತನ್ನು ನಾವೆಲ್ಲರೂ ಮಕ್ಕಳಿಗೆ ಹೇಳುತ್ತೇವೆ. ಅದಕ್ಕೆ ಮೊದಲು ಒಂಬತ್ತು ಗಂಟೆಗೇ ಮಲಗುವ ಏರ್ಪಾಡು ಇತ್ತೆಂಬುದನ್ನು ಮಾತ್ರ ಮರೆತುಬಿಡುತ್ತೇವೆ. ರಾತ್ರಿ ಹನ್ನೆರಡರವರೆಗೆ ಓದಿಸಿ, ನಸುಕಿನ ನಾಲ್ಕಕ್ಕೆ ಎಬ್ಬಿಸುವುದು ಶಾಸ್ತ್ರವಲ್ಲ. ಅದು ಮಗುವಿನ ಓಜಸ್ಸನ್ನು ಸೋರಿಸುವ ಕೆಲಸ. ಹದಿಹರೆಯದ ಮಕ್ಕಳಿಗೆ 8ರಿಂದ 10 ತಾಸು, ವಯಸ್ಕರಿಗೆ ಕನಿಷ್ಠ 7 ತಾಸು ನಿದ್ರೆ ಅವಶ್ಯಕವೆಂದು ಇಂದಿನ ನಿದ್ರಾವಿಜ್ಞಾನ ಹೇಳುತ್ತದೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದೂ ನಿದ್ರೆಯ ಹೊತ್ತಿನಲ್ಲಿಯೇ. ಆಯುರ್ವೇದವು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹವನ್ನು ಎತ್ತಿಹಿಡಿದ ಮೂರು ಉಪಸ್ತಂಭಗಳೆಂದಿದೆ. ಒಂದು ಕಂಬ ಕುಸಿದ ಮನೆಯಲ್ಲಿ ಹೊಸ ಆಲೋಚನೆಗೆ ಜಾಗವೆಲ್ಲಿ?

ಮನಸ್ಸಿನ ಐದು ಕೆಲಸಗಳು

ಇನ್ನು, ಎದ್ದು ಕುಳಿತ ಮನಸ್ಸನ್ನು ಕೆಲಸಕ್ಕೆ ಹಚ್ಚುವ ಬಗೆ ಹೇಗೆ? ಚರಕ ಸಂಹಿತೆಯ ಶಾರೀರಸ್ಥಾನದಲ್ಲಿ ಮನಸ್ಸಿನ ವಿಷಯಗಳು ಐದೆಂದು ಎಣಿಸಲಾಗಿದೆ: ಚಿಂತ್ಯ, ವಿಚಾರ್ಯ, ಊಹ್ಯ, ಧ್ಯೇಯ, ಸಂಕಲ್ಪ್ಯ. ಇವು ಅಲ್ಲಿ ಮನಸ್ಸಿನ ಲಕ್ಷಣ ತಿಳಿಸಲು ಬಂದ ಮಾತುಗಳು. ಹೊಸ ಆಲೋಚನೆಯನ್ನು ಬೆಳೆಸಿಕೊಳ್ಳಲು ಇವನ್ನೇ ಐದು ಮೆಟ್ಟಿಲುಗಳಂತೆ ಬಳಸಬಹುದೆಂಬುದು ನನ್ನ ಅನುಭವ. ಹಳ್ಳಿಯ ಶಾಲೆಯ ಒಬ್ಬ ಶಿಕ್ಷಕಿಗೆ ಭಿನ್ನರಾಶಿ ಕಲಿಸುವ ಹೊಸ ದಾರಿ ಬೇಕಾಗಿದೆ ಎಂದಿಟ್ಟುಕೊಳ್ಳೋಣ.

ಮೊದಲನೆಯದು ಚಿಂತ್ಯ, ಎಂದರೆ ಏನನ್ನು ಚಿಂತಿಸಬೇಕೆಂಬುದನ್ನು ನಿಶ್ಚಯಿಸುವುದು. ‘ಮಕ್ಕಳಿಗೆ ಗಣಿತ ಬರುವುದಿಲ್ಲ’ ಎಂಬುದು ಗೊಣಗು, ಪ್ರಶ್ನೆಯಲ್ಲ. ‘ಎಂಟನೆಯ ಒಂದು ಪಾಲು ನಾಲ್ಕನೆಯ ಒಂದು ಪಾಲಿಗಿಂತ ದೊಡ್ಡದೆಂದು ಮಗು ಏಕೆ ತಿಳಿಯುತ್ತದೆ?’ ಎಂಬುದು ಪ್ರಶ್ನೆ. 1921ರಲ್ಲಿ ಹಡಗಿನಲ್ಲಿ ಪಯಣಿಸುತ್ತಿದ್ದ ಸರ್ ಸಿ.ವಿ. ರಾಮನ್ ಅವರು ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡರು. ಆಕಾಶದ ಬಣ್ಣ ನೀರಿನಲ್ಲಿ ಪ್ರತಿಫಲಿಸುವುದೇ ಇದಕ್ಕೆ ಕಾರಣವೆಂದು ಆಗ ಒಪ್ಪಿಕೊಳ್ಳಲಾಗಿತ್ತು. ಅವರು ಅದನ್ನು ಹಾಗೆಯೇ ಒಪ್ಪದೆ, ನೀರೇ ಬೆಳಕನ್ನು ಚದುರಿಸುತ್ತಿರಬಹುದೇ ಎಂದು ಕೇಳಿದರು. ಆ ಒಂದು ಪ್ರಶ್ನೆ ಅವರನ್ನು ಬೆಳಕಿನ ಚದುರುವಿಕೆಯ ಅಧ್ಯಯನಕ್ಕೆ ಎಳೆದೊಯ್ದಿತು.

ಎರಡನೆಯದು ವಿಚಾರ್ಯ. ಪ್ರಶ್ನೆಯನ್ನು ಬಿಡಿಸಿ ನೋಡುವುದು. ಎಂಟು ನಾಲ್ಕಕ್ಕಿಂತ ದೊಡ್ಡದೆಂದು ಮಗು ಮೊದಲೇ ಕಲಿತಿದೆ. ಅದರ ತಪ್ಪಿನೊಳಗೂ ಒಂದು ತರ್ಕವಿದೆ ಎಂಬುದು ಇಲ್ಲಿ ತಿಳಿಯುತ್ತದೆ. ಓದುವುದು, ಬಲ್ಲವರನ್ನು ಕೇಳುವುದು, ಮಗುವನ್ನೇ ಮಾತನಾಡಿಸುವುದು ಈ ಮೆಟ್ಟಿಲಿಗೆ ಸೇರಿದವು.

ಮೂರನೆಯದು ಊಹ್ಯ. ಒಂದು ಹಾಳೆಯಲ್ಲಿ, ಸರಿಯೋ ತಪ್ಪೋ ಎಂದು ತೂಗದೆ, ಹತ್ತು ದಾರಿಗಳನ್ನು ಬರೆಯಬೇಕು. ಜೋಳದ ರೊಟ್ಟಿಯನ್ನು ನಾಲ್ಕು ಜನಕ್ಕೂ ಎಂಟು ಜನಕ್ಕೂ ಮುರಿದು ಕೊಡುವುದು, ಹಗ್ಗವನ್ನು ಮಡಿಸುವುದು, ಎಕರೆಯ 40 ಗುಂಟೆಗಳನ್ನು ಅಣ್ಣತಮ್ಮಂದಿರಿಗೆ ಹಂಚುವುದು, ಕೊಡದ ನೀರನ್ನು ತಂಬಿಗೆಯಿಂದ ಅಳೆಯುವುದು. ಮೊದಲ ಮೂರು ನಾಲ್ಕು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ. ಹೊಸದು ಆಮೇಲೆ ಬರುತ್ತದೆ. ಇದನ್ನು ಮೊದಲು ಒಬ್ಬರೇ ಮಾಡಬೇಕು. ಗುಂಪಾಗಿ ಕುಳಿತು ಆಲೋಚನೆಗಳನ್ನು ಹೊರಹಾಕುವ ಪದ್ಧತಿಯನ್ನು ಅಮೆರಿಕದ ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್ ಪ್ರಚಾರಕ್ಕೆ ತಂದರು. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅಧ್ಯಯನವೊಂದು, ಅಷ್ಟೇ ಜನ ಬೇರೆ ಬೇರೆಯಾಗಿ ಆಲೋಚಿಸಿ ಬಳಿಕ ಒಟ್ಟುಗೂಡಿಸಿದಾಗ ಹೆಚ್ಚು ಆಲೋಚನೆಗಳು ದೊರೆಯುತ್ತವೆಂದು ತೋರಿಸಿತು. ಮೊದಲು ಏಕಾಂತ, ಅನಂತರ ಗೋಷ್ಠಿ: ರಾಜಶೇಖರನ ದಿನಚರಿಯ ಕ್ರಮವೂ ಇದೇ.

ನಾಲ್ಕನೆಯದು ಧ್ಯೇಯ. ಪ್ರಶ್ನೆಯನ್ನು ಮನದೊಳಗೆ ಇರಿಸಿಕೊಂಡು, ಕೈಯನ್ನು ಬೇರೆ ಕೆಲಸಕ್ಕೆ ಹಚ್ಚುವುದು. ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕಾರೆ ತಮ್ಮ ಅನುಭವವನ್ನು 1908ರಲ್ಲಿ ಪ್ಯಾರಿಸಿನ ಉಪನ್ಯಾಸವೊಂದರಲ್ಲಿ ಹೇಳಿಕೊಂಡಿದ್ದಾರೆ. ದಿನಗಟ್ಟಲೆ ದುಡಿದ ಬಳಿಕ ಅವರು ಗಣಿತವನ್ನು ಬದಿಗಿಟ್ಟು ಪ್ರವಾಸ ಹೊರಟರು. ಕುತಾನ್ಸ್ ಎಂಬ ಊರಿನಲ್ಲಿ ಬಂಡಿಯ ಮೆಟ್ಟಿಲಿನ ಮೇಲೆ ಕಾಲಿಟ್ಟ ಕ್ಷಣದಲ್ಲಿ ಉತ್ತರ ಹೊಳೆಯಿತು. ಅದು ಆಕಸ್ಮಿಕವಲ್ಲ; ದುಡಿಮೆಯೂ ಬಿಡುವೂ ಕೂಡಿದ ಫಲ. ದುಡಿಯದೆ ಬಿಡುವು ಪಡೆದವನಿಗೆ ಏನೂ ಹೊಳೆಯದು, ಬಿಡುವಿಲ್ಲದೆ ದುಡಿದವನಿಗೂ ಹೊಳೆಯುವುದು ಕಷ್ಟ. ಇಂದು ಈ ಬಿಡುವನ್ನು ಕಸಿದುಕೊಂಡಿರುವುದು ಮೊಬೈಲು. ಬಸ್ಸಿಗೆ ಕಾಯುವ ಹತ್ತು ನಿಮಿಷವೂ ಪರದೆಗೆ ಸಂದುಹೋದರೆ ಒಳಗಿನ ಪ್ರಶ್ನೆ ಮಾಗುವುದು ಯಾವಾಗ?

ಐದನೆಯದು ಸಂಕಲ್ಪ್ಯ. ಹತ್ತರಲ್ಲಿ ಒಂದನ್ನು ಆರಿಸಿ, ‘ನಾಳೆ ಎರಡನೆಯ ಪಿರಿಯಡ್ಡಿನಲ್ಲಿ ರೊಟ್ಟಿಯನ್ನು ಮುರಿದು ತೋರಿಸುವೆ’ ಎಂದು ನಿಶ್ಚಯಿಸಿ, ಮಾಡಿ, ಫಲವನ್ನು ಪರೀಕ್ಷಿಸುವುದು. ಪ್ವಾಂಕಾರೆಯವರೂ ಊರಿಗೆ ಮರಳಿದ ಮೇಲೆ ತಮಗೆ ಹೊಳೆದುದನ್ನು ಕುಳಿತು ಪರಿಶೀಲಿಸಿದರು. ಹೊಳೆದದ್ದೆಲ್ಲ ಸರಿಯೆಂಬ ಭ್ರಮೆ ಬೇಡ.

ಕಾಲು, ಕೈ, ಹೊಟ್ಟೆ

ನಡಿಗೆಯಿಂದ ಆಲೋಚನೆಗಳು ಹೆಚ್ಚುತ್ತವೆ ಎಂಬುದನ್ನು 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗದಿಂದ ಕಂಡರು. ಕುಳಿತವರಿಗಿಂತ ನಡೆದವರು ಹೆಚ್ಚು ಬಗೆಯ ಆಲೋಚನೆಗಳನ್ನು ಮುಂದಿಟ್ಟರು. ಆದರೆ ಒಂದೇ ಸರಿಯುತ್ತರವಿರುವ ಸಮಸ್ಯೆಗೆ ನಡಿಗೆ ಹಾಗೆ ನೆರವಾಗಲಿಲ್ಲ. ಆದ್ದರಿಂದ ಊಹಿಸುವಾಗ ನಡೆಯಿರಿ, ಲೆಕ್ಕ ಮಾಡುವಾಗ ಕುಳಿತುಕೊಳ್ಳಿ. ವ್ಯಾಯಾಮವನ್ನು ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂಬ ಆಯುರ್ವೇದದ ನಿಯಮ ಇಲ್ಲಿಯೂ ಸಲ್ಲುತ್ತದೆ. ದಣಿದ ದೇಹ ನಿದ್ರೆಯನ್ನು ಕೇಳುತ್ತದೆ, ಆಲೋಚನೆಯನ್ನಲ್ಲ.

ಕೈಯ ಕೆಲಸವೂ ಅಷ್ಟೇ ಮುಖ್ಯ. 12ನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಆಯ್ದಕ್ಕಿ ಮಾರಯ್ಯನವರು ಅಕ್ಕಿ ಆಯ್ದರು. ಅವರ ನುಡಿ ಕಾಯಕವನ್ನು ಬಿಟ್ಟು ಬೇರೆಲ್ಲೋ ಹುಟ್ಟಿದ್ದಲ್ಲ. ತೋಟಕ್ಕೆ ನೀರು ಹಾಯಿಸುವಾಗ, ಕಾಳು ಹಸನು ಮಾಡುವಾಗ, ಬಟ್ಟೆ ಹೊಲಿಯುವಾಗ ಮನಸ್ಸಿಗೆ ದೊರೆಯುವ ಬಿಡುವನ್ನು ಕೀಳಾಗಿ ಕಾಣಬೇಡಿ.

ಊಟ ಹಿತವಾಗಿ, ಮಿತವಾಗಿರಲಿ. ಹೊಟ್ಟೆ ಬಿರಿಯುವಂತೆ ಉಂಡ ಕೂಡಲೇ ಮನಸ್ಸಿಗೆ ಜಡತೆ ಕವಿಯುತ್ತದೆ. ರಾತ್ರಿಯ ಊಟ ಮಲಗುವ ಎರಡು ಮೂರು ತಾಸು ಮೊದಲೇ ಮುಗಿಯಲಿ. ಚಹಾ, ಕಾಫಿ ಸಂಜೆಯ ಬಳಿಕ ಬೇಡ. ಮದ್ಯ ಮತ್ತು ತಂಬಾಕು ಪ್ರತಿಭೆಯನ್ನು ಕೆರಳಿಸುತ್ತವೆಂಬುದು ಅನೇಕ ಕಲಾವಿದರನ್ನು ಬಲಿ ತೆಗೆದುಕೊಂಡ ಸುಳ್ಳು.

ಔಷಧಿಯ ಮಾತು

ಚರಕಾಚಾರ್ಯರು ನಾಲ್ಕು ಮೇಧ್ಯ ರಸಾಯನಗಳನ್ನು ಹೇಳಿದ್ದಾರೆ: ಒಂದೆಲಗದ ರಸ, ಹಾಲಿನೊಡನೆ ಅತಿಮಧುರದ ಚೂರ್ಣ, ಅಮೃತಬಳ್ಳಿಯ ರಸ ಮತ್ತು ಶಂಖಪುಷ್ಪಿಯ ಕಲ್ಕ. ಇವುಗಳಲ್ಲಿ ಶಂಖಪುಷ್ಪಿಯನ್ನು ವಿಶೇಷವಾಗಿ ಮೇಧ್ಯವೆಂದಿದ್ದಾರೆ. ಒಂದೆಲಗದ ಚಟ್ನಿ ಅಥವಾ ತಂಬುಳಿಯನ್ನು ಆಹಾರವಾಗಿ ಆಗಾಗ ಸೇವಿಸಬಹುದು. ಉಳಿದವನ್ನು ವೈದ್ಯರ ಸಲಹೆಯಿಲ್ಲದೆ ದಿನವೂ ತೆಗೆದುಕೊಳ್ಳಬಾರದು. ಅತಿಮಧುರವು ಹೆಚ್ಚು ದಿನ ಹೊಟ್ಟೆಗೆ ಹೋದರೆ ರಕ್ತದೊತ್ತಡವನ್ನು ಏರಿಸಬಲ್ಲದು. ಯಕೃತ್ತಿನ ತೊಂದರೆಯುಳ್ಳವರು ಅಮೃತಬಳ್ಳಿಯ ವಿಷಯದಲ್ಲಿ ಎಚ್ಚರದಿಂದಿರಬೇಕು. ಗರ್ಭಿಣಿಯರು, ಮಕ್ಕಳು ಮತ್ತು ಬೇರೆ ಔಷಧಿ ಸೇವಿಸುತ್ತಿರುವವರು ಕೇಳಿಯೇ ತೆಗೆದುಕೊಳ್ಳಬೇಕು. ರಸಾಯನ ಫಲಿಸುವುದು ದಿನಚರಿ ನೆಟ್ಟಗಿದ್ದವರಲ್ಲಿ; ನಿದ್ರೆಗೆಟ್ಟವರಿಗೆ ಅದು ಬದಲಿಯಾಗದು.

ಮಂಕು ಕೆಲವೊಮ್ಮೆ ರೋಗದ ಸೂಚನೆಯೂ ಆಗಿರುತ್ತದೆ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ನಿಧಾನತೆ, ಬಿ-12 ಜೀವಸತ್ವದ ಕೊರತೆ, ಹತೋಟಿ ತಪ್ಪಿದ ಮಧುಮೇಹ, ಗೊರಕೆಯ ನಡುವೆ ಉಸಿರು ಕಟ್ಟುವಿಕೆ, ಇವೆಲ್ಲ ಆಲೋಚನೆಯನ್ನು ಕುಂದಿಸುತ್ತವೆ. ಇವನ್ನು ಪರೀಕ್ಷೆಯಿಂದ ಗುರುತಿಸಿ ಚಿಕಿತ್ಸೆ ನೀಡಬಹುದು. ಎರಡು ವಾರಕ್ಕೂ ಮೀರಿ ಯಾವುದರಲ್ಲಿಯೂ ಆಸಕ್ತಿಯಿಲ್ಲದಿದ್ದರೆ, ಬದುಕೇ ಭಾರವೆನಿಸಿದರೆ, ಅದನ್ನು ಸೋಮಾರಿತನವೆಂದು ಹಳಿಯದೆ ಕೂಡಲೇ ಮನೋವೈದ್ಯರನ್ನು ಕಾಣಬೇಕು. ವಯಸ್ಸಾದವರು ನಿತ್ಯದ ಹಾದಿಯನ್ನೇ ಮರೆಯತೊಡಗಿದರೆ ತಡಮಾಡಬಾರದು.

ಒಂದು ಮಂಡಲದ ವ್ರತ

ಓದುಗ ಬಂಧುಗಳು ಒಂದು ಮಂಡಲ, ಎಂದರೆ 48 ದಿನ, ಇಷ್ಟನ್ನು ಮಾಡಿ ನೋಡಲಿ. ರಾತ್ರಿ ನಿಗದಿತ ವೇಳೆಗೆ ಮಲಗಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಬೆಳಿಗ್ಗೆ ಎದ್ದ ಮೇಲೆ ಅರ್ಧ ತಾಸು ಮೌನವಾಗಿ ಕುಳಿತು, ಒಂದು ಪ್ರಶ್ನೆಯನ್ನು ಮಾತ್ರ ಬರೆದುಕೊಳ್ಳಿ. ಹಗಲಿನಲ್ಲಿ ಅರ್ಧ ತಾಸು ಒಬ್ಬರೇ ನಡೆಯಿರಿ. ಹೊಳೆದುದನ್ನು ಆಗಲೇ ಗುರುತು ಹಾಕಿಕೊಳ್ಳಲು ಜೇಬಿನಲ್ಲಿ ಚಿಕ್ಕ ಪುಸ್ತಕವಿರಲಿ. ಹಲಗೆ, ಬಳಪ, ಲೇಖನಿ, ಮಸಿ, ತಾಳೆಗರಿಗಳು ಕವಿಯ ಕೈಗೆಟಕುವಂತಿರಬೇಕೆಂದು ರಾಜಶೇಖರನೂ ಹೇಳಿದ್ದಾನೆ. ವಾರಕ್ಕೊಮ್ಮೆ ಬಲ್ಲವರೊಬ್ಬರೊಡನೆ ಆ ಪುಸ್ತಕ ತೆರೆದು ಮಾತನಾಡಿ, ಒಂದನ್ನು ಆರಿಸಿ ಮಾಡಿ ನೋಡಿ.

ಮೊದಲ ವಾರದಲ್ಲಿಯೇ ಏನೂ ಹೊಳೆಯಲಿಲ್ಲವೆಂದು ಪುಸ್ತಕವನ್ನು ಮೂಲೆಗೆಸೆಯಬೇಡಿ. ಎಂಟು ತಾಯಂದಿರಲ್ಲಿ ಕೊನೆಯವಳು ಎದೆಗುಂದದಿರುವಿಕೆ. ರಾಮನ್ ಅವರು ಸಮುದ್ರದ ನೀಲಿಯನ್ನು ಪ್ರಶ್ನಿಸಿದ್ದು 1921ರಲ್ಲಿ. ಅವರ ಹೆಸರಿನ ಪರಿಣಾಮ ಪತ್ತೆಯಾದದ್ದು 1928ರ ಫೆಬ್ರುವರಿ 28ರಂದು. ನಡುವೆ ಏಳು ವರ್ಷಗಳ ದುಡಿಮೆಯಿತ್ತು. ನಮ್ಮ ಚಿಕ್ಕ ಪ್ರಶ್ನೆಗಳಿಗೆ ಅಷ್ಟು ಕಾಲ ಬೇಡ. ಇಂದಿನ ರಾತ್ರಿಯ ತುಂಬು ನಿದ್ರೆಯಿಂದ ಆರಂಭಿಸಿದರೆ ಸಾಕು.