ಕೋಳಿ ಮೊಟ್ಟೆ ಪೆಟ್ಟಿಗೆಯಲ್ಲೇ ಮಲಗಿದ್ರೆ ಏನ್ ಮಾಡೋದು? ನಮ್ಮ ಟೆರೇಸಿನ ಹತ್ತು ಸಂಜೆಯ ಲೆಕ್ಕ

ಯಲಹಂಕದಿಂದ ಮಾತಾಡ್ತಿದ್ದೀನಿ. ಈ ಎಪಿಸೋಡ್ ಆಡಿಯೊದಲ್ಲಿ ಕೇಳ್ತಿರೋರಿಗೆ ಹಿಂದೆ ಕೊಕ್ಕೊಕ್ಕೋ ಅಂತ ಸದ್ದು ಬಂದ್ರೆ ಅದು ಎಡಿಟಿಂಗ್ ತಪ್ಪಲ್ಲ. ನಮ್ಮ ಟೆರೇಸ್ ಮೇಲೆ ಒಂಬತ್ತು ಹೇಂಟೆಗಳಿವೆ. ಇವತ್ತಿನ ಮಾತು ಅವುಗಳದ್ದೇ.

ಕೋಳಿ ಅಮ್ಮನದು. ನಂದು ಬರೀ ಲೆಕ್ಕ ಬರೆಯೋ ಕೆಲಸ, ಬಿಕಾಂ ಓದಿದ್ದು ಅಷ್ಟಕ್ಕಾದ್ರೂ ಉಪಯೋಗ ಆಗಲಿ ಅಂತ. ಅಮ್ಮ ಮೊದಲು ಮನೇಲೇ ಬ್ಲೌಸ್ ಹೊಲೀತಿದ್ರು. ಬೆನ್ನು ನೋವು ಜಾಸ್ತಿಯಾಗಿ ಮಷಿನ್ ಬಿಟ್ಟ ಮೇಲೆ ಕೋಳಿ ಸಾಕೋಕೆ ಶುರು ಮಾಡಿದ್ರು. ದಿನಕ್ಕೆ ನಾಲ್ಕೈದು ಮೊಟ್ಟೆ, ಒಂದಕ್ಕೆ 15 ರೂಪಾಯಿ, ನಮ್ಮ ರಸ್ತೆಯ ನಾಲ್ಕು ಮನೆಗೆ ವರ್ತನೆ. ದೊಡ್ಡ ದುಡ್ಡೇನಲ್ಲ. ಆದ್ರೆ ಯಾರನ್ನೂ ಕೇಳದೆ ಅವರೇ ಖರ್ಚು ಮಾಡಬಹುದಾದ ದುಡ್ಡು.

ಒಂದಿನ ಎದುರು ಮನೆ ಅಕ್ಕ ಆರು ಮೊಟ್ಟೆ ವಾಪಸ್ ತಂದು ಕೊಟ್ರು. "ಆಂಟಿ, ಬೇಜಾರು ಮಾಡ್ಕೋಬೇಡಿ. ಸಿಪ್ಪೆ ಮೇಲೆಲ್ಲ ಹಿಕ್ಕೆ ಅಂಟಿದೆ, ವಾಸನೆ ಬೇರೆ. ಪಾಪುಗೆ ಈಗಷ್ಟೇ ಮೊಟ್ಟೆ ಕೊಡೋಕೆ ಶುರು ಮಾಡಿದ್ದೀನಿ, ಭಯ ಆಗುತ್ತೆ" ಅಂದ್ರು. ಅವರು ಹೇಳಿದ್ದು ಸರಿನೇ. ಅಮ್ಮ ಏನೂ ಮಾತಾಡ್ಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಸಾಕಪ್ಪ ಇದು. ಎಲ್ಲಾನೂ ಕೋಳಿ ಅಂಗಡಿಗೆ ಕೊಟ್ಬಿಡೋಣ" ಅಂದ್ರು. ನಾನು ಹತ್ತು ದಿನ ಟೈಮ್ ಕೇಳಿದೆ.

ಸಮಸ್ಯೆ ಮೊಟ್ಟೆದಲ್ಲ, ನಿದ್ದೆದು

ಮಾರನೇ ದಿನ ಕತ್ತಲಾದ ಮೇಲೆ ಮೊಬೈಲ್ ಟಾರ್ಚ್ ಹಿಡ್ಕೊಂಡು ಶೆಡ್‌ಗೆ ಹೋದೆ. ನಾಲ್ಕು ನಾಟಿ ಕೋಳಿ ಚಾವಣಿ ಕೆಳಗಿನ ಕಬ್ಬಿಣದ ಆಂಗಲ್ ಮೇಲೆ ಸಾಲಾಗಿ ಕೂತಿದ್ವು. ಐದು ಗಿರಿರಾಜ ಕೋಳಿ ಮಾತ್ರ ಮೊಟ್ಟೆ ಇಡೋ ಮರದ ಪೆಟ್ಟಿಗೆಗಳ ಒಳಗೆ ಒತ್ತೊತ್ತಾಗಿ ಮಲಗಿದ್ವು.

ಕೋಳಿ ನಿದ್ದೆ ಮಾಡುವಾಗ ಎದ್ದು ಆಚೆ ಹೋಗಲ್ಲ. ಕೂತಲ್ಲೇ ಹಿಕ್ಕೆ ಹಾಕುತ್ತೆ. ದಿನದ ಹಿಕ್ಕೆಯಲ್ಲಿ ದೊಡ್ಡ ಪಾಲು ರಾತ್ರಿನೇ ಬೀಳೋದು. ಬೆಳಗ್ಗೆ ಅದೇ ಪೆಟ್ಟಿಗೆಯಲ್ಲಿ, ಅದೇ ಹೊಟ್ಟಿನ ಮೇಲೆ ಮೊಟ್ಟೆ. ಮತ್ತೆ ಗಲೀಜಾಗದೆ ಇನ್ನೇನಾಗುತ್ತೆ?

ತೊಳೆದ್ರೆ ಆಯ್ತಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ಮೊಟ್ಟೆ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅದರ ಮೇಲೆ ಕೋಳಿಯೇ ಕೊಟ್ಟ ತೆಳುವಾದ ಪದರ ಇರುತ್ತೆ, ಅದೇ ರಕ್ಷಣೆ. ಉಜ್ಜಿ ತೊಳೆದ್ರೆ ಆ ಪದರ ಹೋಗುತ್ತೆ. ತಣ್ಣೀರಲ್ಲಿ ತೊಳೆದ್ರೆ ಒಳಗಿನ ಭಾಗ ಕುಗ್ಗಿ, ಹೊರಗಿನ ಕೊಳೆನೀರನ್ನ ಒಳಗೆ ಎಳ್ಕೊಳ್ಳಬಹುದು. ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾ ಇದ್ರೆ ಅದೂ ಜೊತೆಗೆ. ಅದಕ್ಕೇ ತೊಳೆಯೋದಕ್ಕಿಂತ ಗಲೀಜಾಗದ ಹಾಗೆ ನೋಡ್ಕೊಳ್ಳೋದೇ ವಾಸಿ. ಅಂದ್ರೆ ಕೋಳಿ ಮಲಗೋ ಜಾಗ ಬದಲಾಗ್ಬೇಕು.

ನಾಟಿ ಹತ್ತುತ್ತೆ, ಗಿರಿರಾಜ ಯಾಕೆ ಹತ್ತಲ್ಲ?

ಮನೆ ಕೋಳಿಯ ಮೂಲ ಕೆಂಪು ಕಾಡುಕೋಳಿ. ಅದು ಹಗಲು ನೆಲದಲ್ಲಿ ಕೆದಕುತ್ತೆ, ಸಂಜೆ ಮರ ಹತ್ತುತ್ತೆ. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿನೂ ಹಾಗೇ. ಕತ್ತಲಲ್ಲಿ ಕೋಳಿಗೆ ಕಣ್ಣು ಅಷ್ಟಾಗಿ ಕಾಣಲ್ಲ. ಕಾಡುಬೆಕ್ಕೋ ಮುಂಗುಸಿಯೋ ಬಂದ್ರೆ ಓಡೋಕಾಗಲ್ಲ. ಅದಕ್ಕೇ ಬೆಳಕು ಇರುವಾಗಲೇ ಎತ್ತರದ ಜಾಗ ಹಿಡ್ಕೋಬೇಕು. ಕೊಂಬೆ ಮೇಲೆ ಕಾಲು ಮಡಚಿ ಕೂತಾಗ ಬೆರಳುಗಳನ್ನ ಎಳೆಯೋ ಸ್ನಾಯುರಜ್ಜು ಬಿಗಿಯಾಗಿ ಹಿಡಿತ ಸಿಗುತ್ತೆ. ದೇಹವೇ ಹಾಗೆ ತಯಾರಾಗಿದೆ.

ಹಾಗಾದ್ರೆ ಗಿರಿರಾಜ ಮರೆತಿದ್ದು ಯಾಕೆ? ಎರಡು ಕಾರಣ.

ಒಂದು, ತೂಕ. ಗಿರಿರಾಜ ನಮ್ಮ ಪಕ್ಕದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೇ ತಯಾರಾದ ತಳಿ. 2005ರಲ್ಲಿ ಬಂದ ಸ್ವರ್ಣಧಾರಾ ಕೂಡ ಅಲ್ಲಿಯದೇ. ಹಿತ್ತಿಲಲ್ಲಿ ಸಾಕೋರಿಗೆ ಮೊಟ್ಟೆ ಮಾಂಸ ಎರಡೂ ಜಾಸ್ತಿ ಸಿಗಲಿ ಅಂತ ಮಾಡಿದ್ದು. ಮೈ ತುಂಬಿದ ಕೋಳಿ ನಾಟಿ ಥರ ಪುರ್ರ್ ಅಂತ ಹಾರಲ್ಲ.

ಎರಡನೇದು ನನಗೆ ಗೊತ್ತೇ ಇರ್ಲಿಲ್ಲ. ನಮ್ಮ ನಾಲ್ಕು ನಾಟಿ ಕೋಳಿ ದೊಡ್ಡಬಳ್ಳಾಪುರದ ಕಡೆ ಅಜ್ಜಿ ಮನೇಲಿ ತಾಯಿ ಕೋಳಿ ಹಿಂದೆ ಬೆಳೆದವು. ಮರಿ ಚಿಕ್ಕದಿದ್ದಾಗ ತಾಯಿ ನೆಲದ ಮೇಲೆ ರೆಕ್ಕೆ ಕೆಳಗೆ ಮಲಗಿಸ್ಕೊಳ್ಳುತ್ತೆ. ಕೆಲವು ವಾರ ಆದ್ಮೇಲೆ ಅದು ಎತ್ತರಕ್ಕೆ ಹೋಗುತ್ತೆ, ಮರಿಗಳು ಕೂಗ್ತಾ ಕೂಗ್ತಾ ಹಿಂದೆ ಹತ್ತುತ್ತವೆ. ಗಿರಿರಾಜ ಮರಿಗಳು ಮೆಷಿನ್‌ನಲ್ಲಿ ಹುಟ್ಟಿ, ಬಲ್ಬ್ ಬೆಳಕಲ್ಲಿ ನೆಲದ ಮೇಲೆ ಬೆಳೆದವು. ಅವಕ್ಕೆ ಹತ್ತು ಅಂತ ಹೇಳಿಕೊಡೋ ಅಮ್ಮನೇ ಇರ್ಲಿಲ್ಲ.

ಇದು ನನ್ನ ಊಹೆ ಅಲ್ಲ. ಮೊದಲ 8 ವಾರ ಕೂರೋಕೆ ಅಡ್ಡಕೋಲೇ ಇಲ್ಲದೆ ಬೆಳೆದ ಕೋಳಿಗಳ ಬಗ್ಗೆ ಸ್ವೀಡನ್ನಿನ ಸಂಶೋಧಕರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ದೊಡ್ಡದಾದ ಮೇಲೆ ಎತ್ತರದಲ್ಲಿಟ್ಟ ಆಹಾರ ತಲುಪೋಕೆ ಅವು ಒದ್ದಾಡಿದ್ವು. ಚಿಕ್ಕಂದಿನಿಂದ ಹತ್ತಿ ಇಳಿದು ಬೆಳೆದವು ಸಲೀಸಾಗಿ ತಲುಪಿದ್ವು. ಎತ್ತರ ಅನ್ನೋದು ಕಾಲಿಗೆ ಮಾತ್ರ ಅಲ್ಲ, ತಲೆಗೂ ಅಭ್ಯಾಸ ಆಗ್ಬೇಕು.

ಅಂದ್ರೆ ನಾನು ಮಾಡ್ಬೇಕಾಗಿದ್ದು ಆ ತಾಯಿ ಕೋಳಿಯ ಕೆಲಸ.

ಮೊದಲು ಶೆಡ್ ಸರಿ ಮಾಡಿ, ಆಮೇಲೆ ಕೋಳಿ

ನಮ್ಮ ಶೆಡ್‌ನಲ್ಲಿ ತಪ್ಪು ನಾಲ್ಕಿದ್ವು. ನಿಮ್ಮಲ್ಲೂ ಇರಬಹುದು, ನೋಡಿ.

ಎತ್ತರ: ಪೆಟ್ಟಿಗೆಗಳನ್ನ ಎರಡೂವರೆ ಅಡಿ ಮೇಲೆ ಇಟ್ಟಿದ್ವಿ, ಅಡ್ಡಕೋಲು ಒಂದೂವರೆ ಅಡಿಗೆ ಕಟ್ಟಿದ್ವಿ. ಕೋಳಿ ತನ್ನ ಕೈಲಾದಷ್ಟು ಎತ್ತರಕ್ಕೆ ಹೋಗಿ ಮಲಗುತ್ತೆ. ಪೆಟ್ಟಿಗೆಯೇ ಎತ್ತರದಲ್ಲಿದ್ರೆ ಅದು ಪೆಟ್ಟಿಗೆಗೇ ಹೋಗೋದು. ನಿಯಮ ಒಂದೇ: ಮಲಗೋ ಕೋಲು ಮೊಟ್ಟೆ ಪೆಟ್ಟಿಗೆಗಿಂತ ಮೇಲಿರಬೇಕು. ನಾವು ಪೆಟ್ಟಿಗೆಗಳನ್ನ ಕೆಳಗಿಳಿಸಿ ಎರಡು ಇಟ್ಟಿಗೆ ಮೇಲೆ ಇಟ್ವಿ. ಕೋಲನ್ನ ಎರಡು ಅಡಿಗೆ ಏರಿಸಿ, ಮಧ್ಯೆ ಒಂದು ಅಡಿಗೆ ಮೆಟ್ಟಿಲಿನ ಹಾಗೆ ಇನ್ನೊಂದು ಕಟ್ಟಿದ್ವಿ. ತೂಕದ ಕೋಳಿಗೆ ಇನ್ನೂ ಎತ್ತರ ಬೇಡ. ಬೆಳಗ್ಗೆ ದೊಪ್ ಅಂತ ಹಾರಿದ್ರೆ ಪಾದಕ್ಕೂ ಎದೆ ಮೂಳೆಗೂ ಪೆಟ್ಟು.

ಕೋಲು: ಉಳಿದಿದ್ದ ಪಿವಿಸಿ ಪೈಪ್ ಹಾಕಿದ್ವಿ. ಕೋಳಿ ಕೂತ್ರೆ ಜಾರ್ತಿತ್ತು. ಮನೆ ಕಟ್ಟೋ ಕಡೆ ಸೆಂಟ್ರಿಂಗ್‌ಗೆ ಬಳಸ್ತಾರಲ್ಲ, ಆ ಸರ್ವೆ ಕೋಲು ತಂದ್ವಿ. ಸುಮಾರು 2 ಇಂಚು ದಪ್ಪ, ಸಿಬಿರು ಉಜ್ಜಿ ತೆಗೆದಿದ್ದು. ವಿದೇಶದ ವಿಡಿಯೊಗಳಲ್ಲಿ ಅಗಲವಾದ ಚಪ್ಪಟೆ ಹಲಗೆ ಹಾಕಿ ಅಂತಾರೆ. ಅದು ಹಿಮ ಬೀಳೋ ಊರಿಗೆ, ಕೋಳಿ ತನ್ನ ಬೆರಳನ್ನ ಮೈಯಿಂದ ಮುಚ್ಕೊಳ್ಳೋಕೆ. ಬೆಂಗಳೂರಿಗೆ ಅದು ಬೇಕಿಲ್ಲ.

ಜಾಗ: ಯುರೋಪ್ ಒಕ್ಕೂಟದ 1999ರ ನಿಯಮದಲ್ಲಿ ಒಂದು ಹೇಂಟೆಗೆ ಕನಿಷ್ಠ 15 ಸೆಂಟಿಮೀಟರ್ ಕೋಲು, ಕೋಲಿಗೂ ಗೋಡೆಗೂ 20 ಸೆಂಟಿಮೀಟರ್ ಅಂತರ ಅಂತಿದೆ. ಅದು ಕನಿಷ್ಠ. ದಪ್ಪ ಕೋಳಿಗೆ 10 ಇಂಚು ಕೊಡಿ. ಜಾಗ ಸಾಲದಿದ್ರೆ ಜೋರಿನ ಕೋಳಿಗಳು ಸಾಧು ಕೋಳಿಯನ್ನ ಕುಕ್ಕಿ ಇಳಿಸ್ತವೆ, ಅದು ಹೋಗಿ ಪೆಟ್ಟಿಗೆಯಲ್ಲಿ ಅವಿತ್ಕೊಳ್ಳುತ್ತೆ.

ಬೆಳಕು: ಇದು ಸಿಟಿಯ ಸಮಸ್ಯೆ. ನಮ್ಮ ಕೋಲಿನ ಮೇಲೆ ಬೀದಿ ದೀಪದ ಎಲ್ಇಡಿ ಬೆಳಕು ರಾತ್ರಿಯಿಡೀ ನೇರವಾಗಿ ಬೀಳ್ತಿತ್ತು. ಶೆಡ್‌ನಲ್ಲಿ ಕತ್ತಲಿದ್ದ ಜಾಗ ಅಂದ್ರೆ ಮೊಟ್ಟೆ ಪೆಟ್ಟಿಗೆ ಒಂದೇ! ಆ ಕಡೆಗೆ ಗೋಣಿಚೀಲ ಕಟ್ಟಿದ್ವಿ. ಮೇಲುಗಡೆ ಗಾಳಿಗೆ ಜಾಗ ಬಿಟ್ವಿ.

ಹತ್ತು ಸಂಜೆ

ಕೋಳಿ ಹೆಚ್ಚಾಗಿ ಬೆಳಗ್ಗೆಯಿಂದ ಮಧ್ಯಾಹ್ನದ ಒಳಗೆ ಮೊಟ್ಟೆ ಇಡುತ್ತೆ. ಹಾಗಾಗಿ ಸಂಜೆ ಪೆಟ್ಟಿಗೆ ಮುಚ್ಚಿದ್ರೆ ನಷ್ಟ ಇಲ್ಲ. ದಿನಾ 5 ಗಂಟೆಗೆ ಮೊಟ್ಟೆ ಎಲ್ಲ ತೆಗೆದು, ಪೆಟ್ಟಿಗೆ ಬಾಯಿಗೆ ರಟ್ಟು ಅಡ್ಡ ಇಟ್ವಿ. ಬೆಂಗಳೂರಲ್ಲಿ ನವೆಂಬರ್‌ನಲ್ಲಿ 6ಕ್ಕೆ ಮೊದಲೇ ಸೂರ್ಯ ಮುಳುಗುತ್ತೆ, ಜುಲೈಯಲ್ಲಿ 6.50ರ ಹತ್ತಿರ. ಕೋಳಿ ಗಡಿಯಾರ ನೋಡಲ್ಲ, ಬೆಳಕು ನೋಡುತ್ತೆ. ಅದಕ್ಕೆ ತಕ್ಕ ಹಾಗೆ ನಿಮ್ಮ ಟೈಮ್ ಬದಲಾಯಿಸ್ಕೊಳ್ಳಿ.

ಮೊದಲ ಸಂಜೆ ದೊಡ್ಡ ಗಲಾಟೆ. ಐದೂ ಕೋಳಿ ರಟ್ಟಿನ ಮುಂದೆ ಓಡಾಡಿ, ಕೊನೆಗೆ ನೆಲದ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ಕೊಂಡ್ವು. ಪೂರ್ತಿ ಕತ್ತಲಾಗೋ ತನಕ ಕಾದು, ಒಂದೊಂದನ್ನೇ ಎರಡೂ ಕೈಯಲ್ಲಿ ರೆಕ್ಕೆ ಸೇರಿಸಿ ಹಿಡಿದು, ಕೋಲಿನ ಮೇಲೆ ಕಾಲು ಊರೋ ತನಕ ಬಿಡದೆ ಕೂರಿಸಿದೆ. ಬೆಳಕಿದ್ದಾಗ ಕೂರಿಸಿದ್ರೆ ತಕ್ಷಣ ಇಳಿಯುತ್ತೆ. ಕತ್ತಲಲ್ಲಿ ಕೂರಿಸಿದ್ರೆ ಅಲ್ಲೇ ಇರುತ್ತೆ. ಅವೆಲ್ಲ ನಿದ್ದೆ ಹೋದ ಮೇಲೆ, 9 ಗಂಟೆಗೆ ಸದ್ದಿಲ್ಲದೆ ರಟ್ಟು ತೆಗೆದೆ. ಬೆಳಗ್ಗೆ ಬೇಗ ಏಳೋ ಕೋಳಿಗೆ ಪೆಟ್ಟಿಗೆ ತೆಗೆದಿರಬೇಕಲ್ಲ. ಇಲ್ಲದಿದ್ರೆ ನೆಲದ ಮೇಲೆ ಮೊಟ್ಟೆ ಇಡೋ ಹೊಸ ಚಟ ಶುರುವಾಗುತ್ತೆ.

ಇಷ್ಟೇ, ದಿನಾ. ಮೂರನೇ ಸಂಜೆ ಒಂದು ಕೋಳಿ ತಾನಾಗೇ ಕೆಳಗಿನ ಕೋಲು ಹತ್ತಿತು. ಆರನೇ ಸಂಜೆಗೆ ಮೂರು. ಒಂದು ಹತ್ತಿದ್ರೆ ಇನ್ನೊಂದು ನೋಡಿ ಹತ್ತುತ್ತೆ. ಎಂಟನೇ ಸಂಜೆ ನಾಲ್ಕು. ಐದನೇದು ಮಾತ್ರ ಹತ್ತಲ್ಲ ಅಂತ ಹಠ. ಅಮ್ಮ ಸ್ಟೂಲ್ ಹಾಕ್ಕೊಂಡು ಅರ್ಧ ಗಂಟೆ ನೋಡಿ ಹೇಳಿದ್ರು: "ಹಠ ಅಲ್ಲ ಕಣೋ. ಆ ಕರಿ ಪುಕ್ಕದ್ದು ಪ್ರತಿ ಸಲ ಇದರ ತಲೆಗೆ ಕುಕ್ತಾ ಇದೆ." ಎದುರು ಮೂಲೆಯಲ್ಲಿ ಮೂರಡಿಯ ಇನ್ನೊಂದು ಕೋಲು ಕಟ್ಟಿದ್ವಿ. ಹತ್ತನೇ ಸಂಜೆ ಅದು ಅಲ್ಲಿ ಒಂಟಿಯಾಗಿ ಕೂತು ಕಣ್ಣು ಮುಚ್ಚಿತ್ತು.

ಇದು ಕೆಲಸ ಮಾಡದಿದ್ರೆ

ಮೂರು ವಿಷಯ ಚೆಕ್ ಮಾಡಿ. ಹಗಲೂ ರಾತ್ರಿ ಪೆಟ್ಟಿಗೆ ಬಿಡದೆ, ಮೈ ಉಬ್ಬಿಸ್ಕೊಂಡು, ಕೈ ಹಾಕಿದ್ರೆ ಗುರ್ ಅನ್ನೋ ಕೋಳಿ ಕಾವಿಗೆ ಕೂತಿದೆ. ಅದಕ್ಕೆ ಈ ಪಾಠ ಅಲ್ಲ. ಎರಡನೇದು, ಮೊದಲು ಕೋಲಿನ ಮೇಲೆ ಮಲಗ್ತಿದ್ದ ಕೋಳಿ ಇದ್ದಕ್ಕಿದ್ದ ಹಾಗೆ ಬಿಟ್ರೆ, ರಾತ್ರಿ ಕೋಲಿನ ಅಡಿಯನ್ನ ಬಿಳಿ ಟಿಶ್ಯೂನಿಂದ ಒರೆಸಿ. ಕೆಂಪು ಗೆರೆ ಬಂದ್ರೆ ಸಂದಿಯಲ್ಲಿ ರಕ್ತ ಹೀರೋ ಸಣ್ಣ ಹುಳ ಇದೆ ಅಂತ, ಪಶುವೈದ್ಯರನ್ನ ಕೇಳಿ. ಮೂರನೇದು, ಕುಂಟೋ ಕೋಳಿಯನ್ನ ಹತ್ತಿಸಬೇಡಿ. ಪಾದದ ಅಡಿ ಗಾಯ ಇದೆಯಾ ನೋಡಿ.

ಹಾಗೇ, ಕೋಲು ಹಾಕಿದ್ವಿ ಅಂತ ಶೆಡ್ ಬಾಗಿಲು ತೆಗೆದಿಡಬೇಡಿ. ನಮ್ಮ ಕಡೆ ಬೆಕ್ಕು, ಹೆಗ್ಗಣ, ಮುಂಗುಸಿ ಎಲ್ಲಾ ಇವೆ. ಹೊಸದಾಗಿ ಮರಿ ತರೋರು ಮೊದಲ ವಾರಗಳಿಂದಲೇ ಅಂಗೈ ಎತ್ತರದಲ್ಲಿ ಒಂದು ಸಣ್ಣ ಕೋಲು ಇಡಿ, ಮುಂದೆ ಈ ಕಷ್ಟವೇ ಇರಲ್ಲ. ಸರಿಯಾಗಿ ಕಲಿಯಬೇಕು ಅನ್ನೋರಿಗೆ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆ ಇದೆ, ಯಲಹಂಕದಿಂದ ದೂರ ಏನಲ್ಲ.

ಈಗ ಲೆಕ್ಕ. ಶುರು ಮಾಡೋ ಮುಂಚಿನ ಹತ್ತು ದಿನ: 48 ಮೊಟ್ಟೆ, 19 ಗಲೀಜು. ಐದನೇ ಕೋಳಿನೂ ಹತ್ತಿದ ಮೇಲಿನ ಹತ್ತು ದಿನ: 46 ಮೊಟ್ಟೆ, 3 ಗಲೀಜು. ಆ ಮೂರನ್ನ ಮಾರ್ಲಿಲ್ಲ, ನಾವೇ ಚೆನ್ನಾಗಿ ಬೇಯಿಸಿ ತಿಂದ್ವಿ. ಮೊಟ್ಟೆ ಸಂಖ್ಯೆ ಜಾಸ್ತಿ ಆಗಿಲ್ಲ, ಖರ್ಚು ಎರಡು ಸರ್ವೆ ಕೋಲು ಮತ್ತು ಒಂದು ಗೋಣಿಚೀಲ.

ಅಮ್ಮ ಆರು ಮೊಟ್ಟೆ ತಗೊಂಡು ಎದುರು ಮನೆಗೆ ಹೋದ್ರು. ದುಡ್ಡು ಬೇಡ, ನೋಡಿ ಹೇಳಮ್ಮ ಅಂತ ಕೊಟ್ಟು ಬಂದ್ರು. ನಾಲ್ಕನೇ ದಿನ ಆ ಅಕ್ಕ ಮೆಟ್ಟಿಲ ಹತ್ತಿರ ನಿಂತು, "ಆಂಟಿ, ನಾಳೆಯಿಂದ ಮತ್ತೆ ಹಾಕಿ" ಅಂದ್ರು. ಕೋಳಿ ಅಂಗಡಿ ಮಾತು ಆಮೇಲೆ ಮನೇಲಿ ಬಂದಿಲ್ಲ.

ನಿಮ್ಮ ಮನೆ ಕೋಳಿ ಎಲ್ಲಿ ಮಲಗುತ್ತೆ? ಇವತ್ತು ರಾತ್ರಿ ಟಾರ್ಚ್ ಹಿಡ್ಕೊಂಡು ಒಂದ್ಸಲ ನೋಡಿ. ಆಮೇಲೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.